ಇಂಗ್ಲಿಷ್‌ನ ‘ಕಾಪಿ’ ಕ್ರಿಯಾಪದ: ಫ್ರಮ್, ಡೌನ್, ಔಟ್, ಇನ್, ಯಾವಾಗ ಯಾವುದು?

ಪದಪಂಕ್ತಿ

ಕನ್ನಡದಲ್ಲಿ ಮಾತಾಡುವಾಗ ‘ಕಾಪಿ ಮಾಡು’ ಅಂದರೆ ಎಲ್ಲ ಕಡೆಗೂ ನಡೆಯುತ್ತೆ. ಬೋರ್ಡ್ ನೋಡಿ ಬರೆದುಕೊಂಡರೂ ಕಾಪಿ, ಪರೀಕ್ಷೆಯಲ್ಲಿ ಪಕ್ಕದವರದ್ದು ಇಳಿಸಿದರೂ ಕಾಪಿ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿದರೂ ಕಾಪಿ. ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯುವಾಗ ಮುಂದೆ ಏನು ಬರಬೇಕು ಅನ್ನುವುದರಲ್ಲಿ ಎಡವಟ್ಟಾಗುತ್ತೆ. ಪಿಯುಸಿ ಮಕ್ಕಳ ಅಭ್ಯಾಸಕ್ಕೆಂದು ಐದು ವಾಕ್ಯ ಆರಿಸಿದ್ದೇನೆ. ಎಲ್ಲವೂ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುವಂಥವೇ.

1. ‘ಹಿ ಕಾಪಿಡ್ ಹಿಮ್ ಇನ್ ದಿ ಎಕ್ಸಾಮ್.’ ಪಕ್ಕದವನ ಉತ್ತರ ನೋಡಿ ಬರೆದ ಎಂಬ ಅರ್ಥಕ್ಕೆ.
2. ‘ಐ ಕಾಪಿಡ್ ಮೈ ಮಾರ್ಕ್ಸ್ ಕಾರ್ಡ್ ಇನ್ ದಿ ಶಾಪ್.’ ಅಂಗಡಿಯಲ್ಲಿ ಜೆರಾಕ್ಸ್ ತೆಗೆಸಿದೆ ಎಂಬ ಅರ್ಥಕ್ಕೆ.
3. ‘ಪ್ಲೀಸ್ ಡು ಕಾಪಿ ಆಫ್ ದಿಸ್ ಫೈಲ್.’
4. ‘ಪ್ಲೀಸ್ ಕಾಪಿ ಮಿ.’ ಮೇಲ್‌ನಲ್ಲಿ ನನ್ನನ್ನೂ ಸೇರಿಸಿ ಎಂಬ ಅರ್ಥಕ್ಕೆ.
5. ‘ದಿಸ್ ಈಸ್ ಎ ಡೂಪ್ಲಿಕೇಟ್ ಫೋನ್.’ ನಕಲಿ ಮಾಲು ಎಂಬ ಅರ್ಥಕ್ಕೆ.

ಇವುಗಳಲ್ಲಿ ಯಾವುದು ತಪ್ಪು, ಯಾಕೆ ತಪ್ಪು? ಜೊತೆಗೆ ‘ಕಾಪಿ ಡೌನ್’, ‘ಕಾಪಿ ಔಟ್’ ಎರಡಕ್ಕೂ ಏನು ವ್ಯತ್ಯಾಸ? ನಿಘಂಟು ಎರಡಕ್ಕೂ ‘ನೋಡಿ ಬರೆ’ ಅಂತಲೇ ಹೇಳುತ್ತೆ.

ತುಂಗಾತೀರ

ಮೊದಲ ನಾಲ್ಕು ವಾಕ್ಯಗಳ ತೊಂದರೆಗೆ ಮೂಲ ಒಂದೇ. ಕನ್ನಡದಲ್ಲಿ ‘ಕಾಪಿ’ ನಾಮಪದ. ಕ್ರಿಯೆಯ ಕೆಲಸವನ್ನು ‘ಮಾಡು’, ‘ಹೊಡೆ’, ‘ತೆಗೆ’, ‘ತೆಗೆಸು’ ಹೊರುತ್ತವೆ. ಯಾರದ್ದನ್ನು, ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ವಿಭಕ್ತಿ ಪ್ರತ್ಯಯ ಹೇಳಿಬಿಡುತ್ತೆ. ಇಂಗ್ಲಿಷ್‌ನಲ್ಲಿ ‘ಕಾಪಿ’ ತಾನೇ ಕ್ರಿಯಾಪದ, ಪ್ರತ್ಯಯಗಳಿಲ್ಲ. ಅದಕ್ಕೆ ಒತ್ತಿಕೊಂಡು ಯಾವ ಕರ್ಮ ಬರುತ್ತೆ, ನಡುವೆ ಯಾವ ಪ್ರೆಪೊಸಿಷನ್ ಇದೆ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತೆ. ಆದ್ದರಿಂದ ಕಲಿಸುವಾಗ ಅರ್ಥಗಳ ಪಟ್ಟಿ ಕೊಡಬೇಡಿ, ಕರ್ಮದಿಂದ ಶುರು ಮಾಡಿ.

ಕರ್ಮ ವಸ್ತುವಾದರೆ, ಅಂಥದ್ದೇ ಇನ್ನೊಂದನ್ನು ಮಾಡಿದ ಹಾಗೆ: ‘ಕಾಪಿ ದಿ ಮ್ಯಾಪ್’, ‘ಕಾಪಿ ದಿಸ್ ಪ್ಯಾರಾಗ್ರಾಫ್’. ಕರ್ಮ ವ್ಯಕ್ತಿಯಾದರೆ ಅನುಕರಣೆ: ‘ಶಿ ಕಾಪೀಸ್ ಹರ್ ಸಿಸ್ಟರ್’ ಅಂದರೆ ಅಕ್ಕ ಉಟ್ಟಂತೆ ಉಡುತ್ತಾಳೆ, ಮಾತಾಡಿದಂತೆ ಮಾತಾಡುತ್ತಾಳೆ. ಅದೇ ವ್ಯಕ್ತಿ ‘ಫ್ರಮ್’ ಆದಮೇಲೆ ಬಂದರೆ ಕದ್ದು ಬರೆದದ್ದು. ನಿಮ್ಮ ಮೊದಲ ವಾಕ್ಯ ಎಡವಿರುವುದು ಇಲ್ಲಿ. ‘ಹಿ ಕಾಪಿಡ್ ಹಿಮ್’ ಓದಿದವರಿಗೆ ಪರೀಕ್ಷಾ ಕೊಠಡಿಯಲ್ಲಿ ಒಬ್ಬ ಇನ್ನೊಬ್ಬನ ಚಲನವಲನವನ್ನು ಅನುಕರಿಸಿದ ಅನ್ನಿಸುತ್ತೆ. ‘ಹಿ ಕಾಪಿಡ್ ಫ್ರಮ್ ದಿ ಬಾಯ್ ನೆಕ್ಸ್ಟ್ ಟು ಹಿಮ್’ ಸರಿ. ಕದ್ದದ್ದು ಏನು ಅಂತಲೂ ಹೇಳಬೇಕಾದರೆ ಅದನ್ನು ಕ್ರಿಯಾಪದದ ಪಕ್ಕಕ್ಕಿಡಿ: ‘ಹಿ ಕಾಪಿಡ್ ದಿ ಲಾಸ್ಟ್ ಆನ್ಸರ್ ಫ್ರಮ್ ದಿ ಬಾಯ್ ನೆಕ್ಸ್ಟ್ ಟು ಹಿಮ್’. ಆಡುಮಾತಿನಲ್ಲಿ ‘ಫ್ರಮ್’ ಜಾಗದಲ್ಲಿ ‘ಆಫ್’ ಕೂಡ ಬರುತ್ತೆ, ಎರಡು ಎಫ್ ಇರುವ ‘ಆಫ್’. ಬರವಣಿಗೆಗೆ ‘ಫ್ರಮ್’ ವಾಸಿ.

ಕರ್ಮವೇ ಇಲ್ಲದೆಯೂ ಈ ಕ್ರಿಯಾಪದ ನಿಲ್ಲುತ್ತೆ. ‘ಹಿ ವಾಸ್ ಕಾಟ್ ಕಾಪಿಯಿಂಗ್’ ಅಂದರೆ ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ. ಇಷ್ಟೇ ಸಾಕು, ಏನನ್ನು, ಯಾರದ್ದನ್ನು ಅಂತ ಸೇರಿಸಲೇಬೇಕಿಲ್ಲ. ಆದರೆ ಚೀಟಿ ಇಟ್ಟುಕೊಂಡು ಬರೆಯುವುದು, ಫೋನ್‌ನಲ್ಲಿ ಉತ್ತರ ಕೇಳುವುದು ಎಲ್ಲವನ್ನೂ ನಾವು ‘ಕಾಪಿ’ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಇಷ್ಟು ಅಗಲದ ಅರ್ಥಕ್ಕೆ ‘ಚೀಟ್’ ಬೇಕು. ಬ್ರಿಟಿಷರು ‘ಚೀಟ್ ಇನ್ ಆನ್ ಎಕ್ಸಾಮ್’ ಅನ್ನುತ್ತಾರೆ, ಅಮೆರಿಕದವರು ‘ಚೀಟ್ ಆನ್ ಎ ಟೆಸ್ಟ್’. ಚೀಟಿಗೆ ‘ಕ್ರಿಬ್ ಶೀಟ್’ ಅಥವಾ ‘ಚೀಟ್ ಶೀಟ್’. ‘ಕ್ರಿಬ್’ ಕ್ರಿಯಾಪದವಾಗಿ ಬಂದರೆ ಕದ್ದು ಬರೆ ಅಂತಲೇ ಒಂದು ಅರ್ಥ. ನಮ್ಮ ಆಫೀಸುಗಳಲ್ಲಿ ‘ಕ್ರಿಬ್ ಮಾಡ್ತಾನೆ’ ಅಂದರೆ ಗೊಣಗುತ್ತಾನೆ ಅಂತ. ಓದುವಾಗ ಎರಡನ್ನೂ ಬೆರೆಸಬಾರದು.

ಇನ್ನೊಂದು ತಪ್ಪು ನಿಮ್ಮ ಪಟ್ಟಿಯಲ್ಲಿಲ್ಲ, ಆದರೆ ತುಂಬ ಸಾಮಾನ್ಯ. ‘ಅವನದನ್ನು ನೋಡಿ ಬರೆದ’ ಎಂಬುದರ ‘ನೋಡಿ’ಯನ್ನು ಹಾಗೆಯೇ ಹೊತ್ತು ತಂದು ‘ಹಿ ರೋಟ್ ಸೀಯಿಂಗ್ ಹಿಮ್’ ಅಂತ ಬರೆಯುವುದು. ಆ ‘ನೋಡಿ’ ಮಾಡುವ ಕೆಲಸವನ್ನು ‘ಫ್ರಮ್’ ಒಂದೇ ಮಾಡುತ್ತೆ.

ಎರಡನೇ ವಾಕ್ಯಕ್ಕೆ ಬರೋಣ. ‘ತೆಗೆದೆ’ ಬೇರೆ, ‘ತೆಗೆಸಿದೆ’ ಬೇರೆ. ಆ ‘ಇಸು’ ಪ್ರತ್ಯಯ ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸುತ್ತೆ. ‘ಐ ಕಾಪಿಡ್ ಮೈ ಮಾರ್ಕ್ಸ್ ಕಾರ್ಡ್’ ಅಂದರೆ ಯಂತ್ರದ ಮುಂದೆ ನಿಂತು ನಾನೇ ತೆಗೆದೆ, ಇಲ್ಲವೇ ಕೈಯಲ್ಲಿ ಬರೆದುಕೊಂಡೆ ಅಂತಲೂ ಆಗಬಹುದು. ಅಂಗಡಿಯವರಿಂದ ಮಾಡಿಸಿದ್ದಾದರೆ ‘ಐ ಗಾಟ್ ಮೈ ಮಾರ್ಕ್ಸ್ ಕಾರ್ಡ್ ಫೋಟೋಕಾಪಿಡ್’ ಅಥವಾ ‘ಐ ಹ್ಯಾಡ್ ಇಟ್ ಕಾಪಿಡ್’. ಕ್ರಮ ಗಮನಿಸಿ: ಗಾಟ್ ಅಥವಾ ಹ್ಯಾಡ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ವಸ್ತುವನ್ನು ಕೊನೆಗೆ ತಳ್ಳಿ ‘ಐ ಹ್ಯಾಡ್ ಕಾಪಿಡ್ ಇಟ್’ ಅಂದರೆ ಅರ್ಥ ‘ಮೊದಲೇ ಕಾಪಿ ಮಾಡಿದ್ದೆ’ ಅಂತ ಭೂತಪೂರ್ವಕ್ಕೆ ಜಾರುತ್ತೆ. ಕನ್ನಡದ ಮಕ್ಕಳಿಗೆ ‘ಇಸು’ ಪ್ರತ್ಯಯದ ಮೂಲಕ ಇದನ್ನು ಹೇಳಿಕೊಟ್ಟರೆ ಬೇಗ ಹತ್ತುತ್ತೆ: ಮಾಡಿಸು, ಹೊಲಿಸು, ತೆಗೆಸು, ಎಲ್ಲಕ್ಕೂ ಇದೇ ಅಚ್ಚು.

ಮೂರನೆಯದರಲ್ಲಿ ‘ಮಾಡು’ ಹೋಗಿ ‘ಡು’ ಆಗಿದೆ. ‘ಪ್ಲೀಸ್ ಕಾಪಿ ದಿಸ್ ಫೈಲ್’ ಅನ್ನಿ. ನಾಮಪದವಾಗಿಯೇ ಬೇಕಾದರೆ ‘ಮೇಕ್ ಎ ಕಾಪಿ ಆಫ್ ದಿಸ್ ಫೈಲ್’. ‘ಟೇಕ್ ಎ ಕಾಪಿ’ ಬೇಡ, ಅದು ‘ತೆಗೆ’ ಎಂಬುದರ ನೇರ ಅನುವಾದ.

ಡೌನ್ ಮತ್ತು ಔಟ್: ಕಣ್ಣೆದುರಿಗೆ ಇರುವುದನ್ನು, ಕಿವಿಗೆ ಬಿದ್ದದ್ದನ್ನು ಆಗಲೇ ಬರೆದಿಟ್ಟುಕೊಳ್ಳುವುದು ‘ಕಾಪಿ ಡೌನ್’. ಬೋರ್ಡ್ ಮೇಲಿನ ಲೆಕ್ಕ, ಬಸ್ಸಿನ ನಂಬರ್, ಟಿವಿಯಲ್ಲಿ ಬಂದ ವಿಳಾಸ. ಕನ್ನಡದ ‘ಬರೆದುಕೊ’ ಇದಕ್ಕೆ ಅಚ್ಚುಕಟ್ಟಾದ ಜೋಡಿ, ಏಕೆಂದರೆ ‘ಕೊಳ್ಳು’ ಸೇರಿದಾಗ ನಮಗೋಸ್ಕರ, ಮುಂದೆ ಬೇಕಾಗುತ್ತೆ ಎಂಬ ಭಾವ ಬರುತ್ತೆ. ‘ಕಾಪಿ ಔಟ್’ ಅಂದರೆ ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಕೈಯಲ್ಲಿ ಬರೆಯುವುದು. ಇಡೀ ಪದ್ಯ, ಇಡೀ ಅಧ್ಯಾಯ, ಚಿತ್ತುಕಾಟಿನ ಕರಡನ್ನು ಶುದ್ಧ ಪ್ರತಿ ಮಾಡುವುದು, ಇಂಥ ಕಡೆ. ಫೋನ್ ನಂಬರನ್ನು ಯಾರೂ ‘ಕಾಪಿ ಔಟ್’ ಮಾಡುವುದಿಲ್ಲ. ತಾಳೆಗರಿಯ ಕಾವ್ಯವನ್ನು ಲಿಪಿಕಾರರು ಪ್ರತಿ ಮಾಡಿದರು ಅನ್ನುವಾಗ ‘ಕಾಪಿಡ್ ಔಟ್’ ಚೆನ್ನಾಗಿ ಒಪ್ಪುತ್ತೆ, ಲಿಪಿಕಾರರಿಗೆ ‘ಸ್ಕ್ರೈಬ್’ ಅಥವಾ ‘ಕಾಪಿಯಿಸ್ಟ್’.

ಪ್ರತಿ ಮಾಡುವಾಗ ತಪ್ಪಾಗಿ ಬರೆದರೆ ಅದಕ್ಕೂ ಒಂದು ಕ್ರಿಯಾಪದ ಇದೆ, ‘ಮಿಸ್‌ಕಾಪಿ’. ಗಣಿತದಲ್ಲಿ ಸಮೀಕರಣ ಸರಿಯಾಗಿ ಬಿಡಿಸಿ, ಪ್ರಶ್ನೆಯ ಅಂಕಿಯನ್ನೇ ತಪ್ಪಾಗಿ ಇಳಿಸಿಕೊಂಡಿದ್ದರೆ ‘ಮಿಸ್‌ಕಾಪಿಡ್ ದಿ ಕ್ವೆಶ್ಚನ್’ ಅನ್ನಬಹುದು.

ಗಣಕಮಿತ್ರ

ತುಂಗಾತೀರ ಅವರ ಉತ್ತರಕ್ಕೆ ಒಂದು ತಿದ್ದುಪಡಿ. ‘ಟೇಕ್ ಎ ಕಾಪಿ’ ತಪ್ಪಲ್ಲ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ದಾಖಲೆಗಳ ವಿಷಯದಲ್ಲಿ ಅದು ಧಾರಾಳವಾಗಿ ಬಳಕೆಯಲ್ಲಿದೆ: ‘ಕೀಪ್ ದಿ ಒರಿಜಿನಲ್ ಅಂಡ್ ಟೇಕ್ ಎ ಕಾಪಿ’. ಗಮನಿಸಬೇಕಾದ್ದು ಇನ್ನೊಂದು ಅರ್ಥ. ಮೇಜಿನ ಮೇಲೆ ಕರಪತ್ರಗಳ ರಾಶಿ ಇದ್ದಾಗ ‘ಪ್ಲೀಸ್ ಟೇಕ್ ಎ ಕಾಪಿ’ ಅಂದರೆ ಒಂದನ್ನು ಎತ್ತಿಕೊಳ್ಳಿ ಅಂತ. ಗೊಂದಲ ಆಗುವ ಕಡೆ ‘ಮೇಕ್’ ಬಳಸಿ. ‘ಡು’ ಮಾತ್ರ ಬೇಡವೇ ಬೇಡ.

ಮೇಲ್ ವಿಷಯ. ನಾಲ್ಕನೇ ವಾಕ್ಯ ಅರ್ಧಕ್ಕೆ ನಿಂತಿದೆ. ಮೇಲೆ ಹೇಳಿದ ಹಾಗೆ ವ್ಯಕ್ತಿ ನೇರ ಕರ್ಮವಾದರೆ ‘ನನ್ನ ಹಾಗೆ ಮಾಡಿ’ ಎಂಬ ಅರ್ಥ. ಮೇಲ್ ಸಂದರ್ಭದಲ್ಲಿ ಹೇಗೋ ಊಹಿಸಿಕೊಳ್ಳುತ್ತಾರೆ, ಆದರೂ ಪ್ರೆಪೊಸಿಷನ್ ಸೇರಿಸಿಬಿಡಿ. ‘ಪ್ಲೀಸ್ ಕಾಪಿ ಮಿ ಇನ್’ ಬ್ರಿಟಿಷ್ ರೂಢಿ. ‘ಪ್ಲೀಸ್ ಕಾಪಿ ಮಿ ಆನ್ ದಿ ರಿಪ್ಲೈ’ ಅಮೆರಿಕದ್ದು, ನಮ್ಮ ಐಟಿ ಕಂಪನಿಗಳಲ್ಲಿ ಇದೇ ಹೆಚ್ಚು. ಎರಡೂ ಸರಿ. ಬ್ರಿಟಿಷ್ ರೂಪದಲ್ಲಿ ಯಾವ ಪತ್ರ ಅಂತಲೂ ಹೇಳಬೇಕಾದರೆ ಇನ್ ಮತ್ತು ಆನ್ ಒಟ್ಟಿಗೆ ಬರುತ್ತವೆ: ‘ಕಾಪಿ ಮಿ ಇನ್ ಆನ್ ದಿ ರಿಪ್ಲೈ’. ಕರ್ಮಣಿಯಲ್ಲಿ ‘ಐ ವಾಸ್ ನಾಟ್ ಕಾಪಿಡ್ ಆನ್ ದಟ್ ಮೇಲ್’. ಪತ್ರವನ್ನೇ ಕರ್ಮ ಮಾಡಿದರೆ ವ್ಯಕ್ತಿಗೆ ‘ಟು’: ‘ಕಾಪಿ ದಿ ಲೆಟರ್ ಟು ದಿ ಪ್ರಿನ್ಸಿಪಾಲ್’.

‘ಮಾರ್ಕ್ ಮಿ ಇನ್ ಸಿಸಿ’, ‘ಕೀಪ್ ಮಿ ಇನ್ ಸಿಸಿ’ ಎರಡೂ ಭಾರತದ ಆಫೀಸು ಇಂಗ್ಲಿಷ್. ಇಲ್ಲಿ ಎಲ್ಲರಿಗೂ ಗೊತ್ತು, ಹೊರದೇಶದವರಿಗೆ ‘ಮಾರ್ಕ್ ಮಿ’ ತಟ್ಟನೆ ಹೊಳೆಯುವುದಿಲ್ಲ. ‘ಸಿಸಿ ಮಿ’ ಎಲ್ಲ ಕಡೆ ನಡೆಯುತ್ತೆ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್‌ನಲ್ಲಿ ಎರಡು ಹಾಳೆಗಳ ನಡುವೆ ಮಸಿ ಹಾಳೆ ಇಟ್ಟು ಹೊಡೆಯುತ್ತಿದ್ದ ಕಾಲದ್ದು. ಯಾರ್ಯಾರಿಗೆ ಪ್ರತಿ ಹೋಗಿದೆ ಎಂಬುದನ್ನು ಪತ್ರದ ಕೊನೆಯಲ್ಲಿ ನಮೂದಿಸುತ್ತಿದ್ದರು. ಬಿಸಿಸಿಯಲ್ಲಿ ‘ಬ್ಲೈಂಡ್’ ಸೇರಿದೆ: ಆ ಪ್ರತಿ ಹೋದದ್ದು ಉಳಿದವರಿಗೆ ಕಾಣುವುದಿಲ್ಲ.

ಕಂಪ್ಯೂಟರ್‌ನಲ್ಲಿ ‘ಕಾಪಿ’ ಮತ್ತು ‘ಮೂವ್’ ಭೇದ ಇಷ್ಟೇ: ಕಾಪಿ ಆದರೆ ಮೂಲ ಅಲ್ಲೇ ಇರುತ್ತೆ, ಮೂವ್ ಆದರೆ ಇರಲ್ಲ. ವಿಂಡೋಸ್‌ನಲ್ಲಿ ಫೈಲನ್ನು ಮೌಸ್‌ನಿಂದ ಎಳೆದಾಗ ಒಂದೇ ಡ್ರೈವ್ ಒಳಗಾದರೆ ಅದು ಮೂವ್, ಬೇರೆ ಡ್ರೈವ್‌ಗಾದರೆ ಕಾಪಿ. ‘ಕಾಪಿ ಮಾಡಿದ್ದೆ, ಮೂಲ ಫೈಲೇ ಮಾಯ’ ಎಂಬ ದೂರುಗಳಿಗೆ ಇದು ಒಂದು ಮುಖ್ಯ ಕಾರಣ. ಕಂಟ್ರೋಲ್ ಕೀ ಒತ್ತಿಹಿಡಿದು ಎಳೆದರೆ ಯಾವಾಗಲೂ ಕಾಪಿ, ಶಿಫ್ಟ್ ಒತ್ತಿಹಿಡಿದರೆ ಯಾವಾಗಲೂ ಮೂವ್.

ಪ್ರೆಪೊಸಿಷನ್‌ಗಳು: ಫೋಲ್ಡರ್, ಡಾಕ್ಯುಮೆಂಟ್, ನೋಟ್‌ಬುಕ್ ಒಳಕ್ಕೆ ‘ಇಂಟು’, ಪೆನ್‌ಡ್ರೈವ್, ಡಿಸ್ಕ್ ಮೇಲಕ್ಕೆ ‘ಆಂಟು’, ಎಲ್ಲಿಗೆ ಎಂದಷ್ಟೇ ಹೇಳಬೇಕಾದರೆ ‘ಟು’, ಉದಾಹರಣೆಗೆ ‘ಕಾಪಿ ಟು ಕ್ಲಿಪ್‌ಬೋರ್ಡ್’. ‘ಕಾಪಿ ಓವರ್’ ಬಗ್ಗೆ ಎಚ್ಚರ ಬೇಕು. ‘ಕಾಪಿ ದಿ ಫೈಲ್ಸ್ ಓವರ್’ ಅಂದರೆ ಆ ಕಡೆಗೆ ಹಾಕಿ. ಆದರೆ ‘ಕಾಪಿ ಓವರ್ ದಿ ಓಲ್ಡ್ ಫೈಲ್’ ಅಂದರೆ ಹಳೆಯದರ ಮೇಲೆ ಹೊಸದನ್ನು ಹಾಕಿ ಹಳೆಯದನ್ನು ಅಳಿಸಿ ಅಂತ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಫೈಲ್ ಕಾಪಿ ಮಾಡುವ ‘ಸಿಪಿ’ ಆಜ್ಞೆ ಅದೇ ಹೆಸರಿನ ಫೈಲ್ ಅಲ್ಲಿದ್ದರೆ ಕೇಳದೇ ಅಳಿಸಿ ಬರೆಯುತ್ತೆ. ಕೇಳಲಿ ಅಂದರೆ ಜೊತೆಗೆ ‘ಐ’ ಆಯ್ಕೆ ಕೊಡಬೇಕು. ಸೂಚನೆ ಬರೆದುಕೊಡುವವರು ಈ ಎರಡು ಅರ್ಥಗಳನ್ನು ಬಿಡಿಸಿಯೇ ಬರೆಯಬೇಕು. ಅಳಿಸಿ ಬರೆಯಬೇಕು ಅಂತಿದ್ದರೆ ‘ರೀಪ್ಲೇಸ್’ ಅಥವಾ ‘ಓವರ್‌ರೈಟ್’ ಅನ್ನಿ.

‘ಕಾಪಿ ಅಂಡ್ ಪೇಸ್ಟ್’ ಭೂತಕಾಲಕ್ಕೆ ಹೋದಾಗ ಎರಡೂ ಕ್ರಿಯಾಪದಗಳು ಬದಲಾಗಬೇಕು, ‘ಕಾಪಿಡ್ ಅಂಡ್ ಪೇಸ್ಟೆಡ್’. ನಡುವೆ ಅಡ್ಡಗೆರೆ ಹಾಕಿದ ‘ಕಾಪಿ-ಪೇಸ್ಟೆಡ್’ ಆಡುಮಾತಿಗೆ ಸರಿ.

ಧಾರವಾಡದಾಂವ

ಕಾಗುಣಿತ ಮತ್ತ ಉಚ್ಚಾರದ ಬಗ್ಗೆ ಯಾರೂ ಹೇಳ್ಲಿಲ್ಲ, ಅದನ್ನೂ ಸೇರಸ್ರಿ. ವ್ಯಂಜನ ಆದಮ್ಯಾಲೆ ‘ವೈ’ ಬಂದ್ರ ‘ಇಎಸ್’, ‘ಇಡಿ’ ಹಚ್ಚುವಾಗ ಅದು ‘ಐ’ ಆಗ್ತದ. ‘ಐಎನ್‌ಜಿ’ ಹಚ್ಚುವಾಗ ‘ವೈ’ ಹಂಗ ಉಳೀತದ, ಇಲ್ಲಾಂದ್ರ ಎರಡು ‘ಐ’ ಒಂದರ ಪಕ್ಕ ಒಂದು ಬರ್ತಾವ. ಹುಡುಗ್ರು ‘ವೈ’ ಬಿಟ್ಟು ಬರೀ ‘ಐಎನ್‌ಜಿ’ ಹಚ್ಚಿ ಬರೀತಾರ, ಅದು ‘ಕೋಪಿಂಗ್’ ಆಗ್ತದ, ಅಂದ್ರ ಕಷ್ಟಾ ನಿಭಾಯಿಸೋದು. ಒಂದು ಅಕ್ಷರಕ್ಕ ಪೂರ್ತಿ ಬ್ಯಾರೆ ಕ್ರಿಯಾಪದ. ಅನ್ನೂವಾಗ ‘ಕಾ-ಪಿ-ಯಿಂಗ್’ ಅಂತ ಮೂರು ತುಂಡು ಕೇಳಬೇಕು.

ಇನ್ನೊಂದು, ನಮ್ಮ ಮಾತಿನೊಳಗ ಕುಡಿಯೋದೂ ಕಾಪಿ, ಬರಿಯೋದೂ ಕಾಪಿ. ಇಂಗ್ಲಿಷ್ ಮಾತಾಡುವಾಗ ಕುಡಿಯೋದಕ್ಕ ಮ್ಯಾಲಿನ ಹಲ್ಲು ಕೆಳಗಿನ ತುಟಿಗೆ ತಾಗಿ ಗಾಳಿ ಹೊರಗ ಬರಬೇಕು. ಬರಿಯೋದಕ್ಕ ಎರಡೂ ತುಟಿ ಪೂರ್ತಿ ಮುಚ್ಚಿ ತೆಗೀಬೇಕು. ‘ಕಾ’ ನಾವು ಎಳದಷ್ಟು ಬ್ರಿಟಿಷರು ಎಳಿಯೂದಿಲ್ಲ, ತುಟಿ ದುಂಡಗ ಮಾಡಿ ಗಿಡ್ಡ ಅಂತಾರ. ಅಮೆರಿಕದವರ ಉಚ್ಚಾರ ನಮ್ಮ ‘ಕಾ’ಕ್ಕ ಹತ್ರ ಅದ.

ಪದಪಂಕ್ತಿ

‘ಇಸು’ ಪ್ರತ್ಯಯದ ವಿವರಣೆ ತುಂಬ ಉಪಯೋಗಕ್ಕೆ ಬರುತ್ತೆ. ಐದನೇ ವಾಕ್ಯ ಬಾಕಿ ಇದೆ. ಅದರ ಜೊತೆಗೆ ಇಮಿಟೇಟ್, ಮಿಮಿಕ್, ಎಮ್ಯುಲೇಟ್ ಇವುಗಳನ್ನೂ ಯಾರಾದರೂ ಬಿಡಿಸಿ ಹೇಳಿ. ವೈರ್‌ಲೆಸ್‌ನಲ್ಲಿ ‘ಕಾಪಿ ದಟ್’ ಅನ್ನುವುದು ಯಾಕೆ? ಅಲ್ಲಿ ಯಾರೂ ನಕಲು ಮಾಡುತ್ತಿಲ್ಲವಲ್ಲ.

ಹಳೆಅಚ್ಚು

ವೈರ್‌ಲೆಸ್‌ನದು ಮೊದಲು. ಅಲ್ಲಿಯೂ ಮೂಲದಲ್ಲಿ ಬರೆದುಕೊಳ್ಳುವುದೇ ಇತ್ತು. ತಂತಿ ಕಚೇರಿಯಲ್ಲಿ ಮೋರ್ಸ್ ಸದ್ದು ಕೇಳುತ್ತ ಅಕ್ಷರಕ್ಕೆ ಅಕ್ಷರ ಹಾಳೆಗೆ ಇಳಿಸುವುದಕ್ಕೆ ‘ಕಾಪಿ’ ಅನ್ನುತ್ತಿದ್ದರು. ಬರೆದುಕೊಂಡಾಯಿತು ಅಂದರೆ ಸಂದೇಶ ಮುಟ್ಟಿತು ಎಂದೇ ಅರ್ಥ. ಹ್ಯಾಮ್ ರೇಡಿಯೋದವರು, ಅಂದರೆ ಹವ್ಯಾಸಕ್ಕೆ ವೈರ್‌ಲೆಸ್ ಬಳಸುವವರು, ಇವತ್ತಿಗೂ ಸ್ಪಷ್ಟವಾಗಿ ಕೇಳಿಸಿದರೆ ‘ಸಾಲಿಡ್ ಕಾಪಿ’ ಅನ್ನುತ್ತಾರೆ. ‘ಕಾಪಿ’ ಅಂದರೆ ಕೇಳಿಸಿತು, ಗೊತ್ತಾಯಿತು ಅಂತ ಮಾತ್ರ. ವಿಮಾನಯಾನದ ಭಾಷೆಯಲ್ಲಿ ಈ ಜಾಗಕ್ಕೆ ನಿಗದಿಯಾದ ಪದ ‘ರೋಜರ್’: ನಿಮ್ಮ ಮಾತು ಪೂರ್ತಿ ತಲುಪಿತು. ‘ಹೇಳಿದಂತೆ ಮಾಡುತ್ತೇನೆ’ ಅನ್ನಲು ‘ವಿಲ್ಕೋ’, ‘ಹೌದು’ ಅನ್ನಲು ‘ಅಫರ್ಮ್’. ಹಾಗಾಗಿ ಆಫೀಸು ಚಾಟ್‌ನಲ್ಲಿ ‘ಕಾಪಿ ದಟ್’ ಅಂತ ಬಂದರೆ ಕೆಲಸ ಒಪ್ಪಿಕೊಂಡರು ಎಂದು ತಿಳಿಯಬೇಡಿ, ಓದಿದ್ದಾರೆ, ಅಷ್ಟೇ.

ಡೂಪ್ಲಿಕೇಟ್: ನಮ್ಮ ಮಾರುಕಟ್ಟೆಯಲ್ಲಿ ಡೂಪ್ಲಿಕೇಟ್ ಅಂದರೆ ಮೋಸದ ಮಾಲು. ಇಂಗ್ಲಿಷ್‌ನಲ್ಲಿ ಆ ಪದಕ್ಕೆ ಮೋಸದ ವಾಸನೆಯಿಲ್ಲ, ಮೊದಲಿನದರಂತೆಯೇ ಇರುವ ಎರಡನೆಯದು ಅಂತಷ್ಟೇ. ಕಳೆದುಹೋದ ಅಂಕಪಟ್ಟಿಗೆ ಅರ್ಜಿ ಹಾಕಿದಾಗ ಮಂಡಳಿ ಕೊಡುವುದು ‘ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್’, ಅದು ಪೂರ್ತಿ ಕಾನೂನುಬದ್ಧ. ಅದನ್ನು ಹಿಡಿದುಕೊಂಡು ಹೋದವರನ್ನು ಅನುಮಾನದಿಂದ ನೋಡುವುದು ಈ ಪದದ ಕನ್ನಡದ ಅರ್ಥದಿಂದ ಹುಟ್ಟಿದ ಅನ್ಯಾಯ. ನಕಲಿ ಫೋನ್‌ಗೆ ‘ಫೇಕ್’ ಅಥವಾ ‘ಕೌಂಟರ್‌ಫೀಟ್’ ಬಳಸಿ. ಅಂಗಡಿಗಳ ‘ಫಸ್ಟ್ ಕಾಪಿ’ ಅಂದರೆ ಅಸಲಿಗೆ ತೀರ ಹತ್ತಿರವಿರುವ ನಕಲಿ. ಹೊರಗಿನವರಿಗೆ ಹೇಳಿದರೆ ಪುಸ್ತಕದ ಮೊದಲ ಪ್ರತಿ ಎಂದುಕೊಂಡಾರು.

ಅರ್ಜಿಗಳಲ್ಲಿ ಬರುವ ‘ಇನ್ ಡೂಪ್ಲಿಕೇಟ್’ ಅಂದರೆ ಒಟ್ಟು ಎರಡು ಪ್ರತಿ, ‘ಇನ್ ಟ್ರಿಪ್ಲಿಕೇಟ್’ ಅಂದರೆ ಒಟ್ಟು ಮೂರು. ಮೂಲದ ಜೊತೆಗೆ ಇನ್ನೆರಡು, ಇನ್ನು ಮೂರು ಅಂತಲ್ಲ. ‘ಸೆಲ್ಫ್ ಅಟೆಸ್ಟೆಡ್ ಕಾಪಿ’ ನಮ್ಮಲ್ಲಿ ನಡೆಯುತ್ತೆ. ಹೊರದೇಶದ ವಿಶ್ವವಿದ್ಯಾಲಯ ‘ಸರ್ಟಿಫೈಡ್ ಕಾಪಿ’ ಕೇಳಿದರೆ ನಿಮ್ಮದೇ ಸಹಿ ಸಾಲದು, ಅಧಿಕಾರವುಳ್ಳ ಬೇರೊಬ್ಬರು ಮೂಲದೊಡನೆ ತಾಳೆ ನೋಡಿ ದೃಢೀಕರಿಸಬೇಕು.

ಜೆರಾಕ್ಸ್ ಒಂದು ಕಂಪನಿಯ ಹೆಸರು. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಒಣ ಮುದ್ರಣ ವಿಧಾನಕ್ಕೆ ಮುಂದೆ ‘ಜೆರೋಗ್ರಫಿ’ ಎಂಬ ಹೆಸರಿಟ್ಟರು, ಕಂಪನಿಯ ಹೆಸರು ಬಂದದ್ದು ಅದರಿಂದ. ತನ್ನ ಹೆಸರನ್ನು ಕ್ರಿಯಾಪದವಾಗಿ ಬಳಸಬೇಡಿ ಎಂದು ಆ ಕಂಪನಿ ಜಾಹೀರಾತು ಕೊಟ್ಟದ್ದೂ ಉಂಟು. ಬರವಣಿಗೆಯಲ್ಲಿ ‘ಫೋಟೋಕಾಪಿ’ ಅನ್ನುವುದು ಕ್ಷೇಮ.

ಇನ್ನು ಅನುಕರಣೆಯ ಪದಗಳು. ‘ಇಮಿಟೇಟ್’ ತಟಸ್ಥ, ಅನುಕರಿಸು ಅಷ್ಟೇ. ‘ಮಿಮಿಕ್’ ದನಿ, ಹಾವಭಾವಕ್ಕೆ ಸಂಬಂಧಿಸಿದ್ದು, ಎಷ್ಟೋ ಸಲ ಅಣಕ. ನಮ್ಮ ಮಿಮಿಕ್ರಿ ಕಲಾವಿದರಿಂದ ಮಕ್ಕಳಿಗೆ ಇದು ಮೊದಲೇ ಪರಿಚಿತ. ಇದರ ಭೂತಕಾಲದಲ್ಲಿ ‘ಕೆ’ ಸೇರುತ್ತೆ ಎಂಬುದನ್ನು ಮರೆಯದೆ ಹೇಳಿ. ‘ಎಮ್ಯುಲೇಟ್’ ಮೆಚ್ಚುಗೆಯದು: ಹಿರಿಯರೊಬ್ಬರ ಎತ್ತರಕ್ಕೆ ತಾನೂ ಏರಬೇಕೆಂದು ಶ್ರಮಿಸುವುದು. ‘ಏಪ್’ ಹೀಗಳೆಯುವಂಥದ್ದು. ‘ಪ್ಯಾರಟ್’ ಕ್ರಿಯಾಪದವಾದಾಗ ನಮ್ಮ ಗಿಳಿಪಾಠವೇ. ‘ರೆಪ್ಲಿಕೇಟ್’ ವಿಜ್ಞಾನದ ಮಾತು, ಇನ್ನೊಬ್ಬರ ಪ್ರಯೋಗವನ್ನು ಮತ್ತೆ ಮಾಡಿ ಅದೇ ಫಲ ಬರುತ್ತದೆಯೇ ಎಂದು ನೋಡುವುದು.

ಶಾಸನಗಳ ವಿಷಯ ಬರೆಯುವವರು ‘ಕಾಪಿ’ ಎಂಬ ಒಂದೇ ಪದಕ್ಕೆ ಜೋತುಬೀಳಬಾರದು. ಕಲ್ಲಿನ ಮೇಲೆ ಒದ್ದೆ ಹಾಳೆ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗೆ ಕೂರಿಸಿ, ಮಸಿ ಹಚ್ಚಿ ತೆಗೆಯುವ ಪಡಿಯಚ್ಚಿಗೆ ‘ಟೇಕ್ ಆನ್ ಎಸ್ಟಾಂಪೇಜ್’. ಅದನ್ನು ಓದಿ ಪಾಠವನ್ನು ಬರಹಕ್ಕೆ ಇಳಿಸುವುದು ‘ಟ್ರಾನ್ಸ್‌ಕ್ರೈಬ್’. ಬೇರೆ ಲಿಪಿಯಲ್ಲಿ ಬರೆಯುವುದು ‘ಟ್ರಾನ್ಸ್‌ಲಿಟರೇಟ್’. ಇವುಗಳಲ್ಲಿ ತಪ್ಪು ಹುಟ್ಟುವ ಜಾಗವೂ ಬೇರೆ ಬೇರೆ. ಪಡಿಯಚ್ಚಿನಲ್ಲಿ ಕಲ್ಲಿನ ಬಿರುಕು ಅಕ್ಷರದ ಗೆರೆಯಂತೆ ಮೂಡಬಹುದು. ಕೈಪ್ರತಿಯಲ್ಲಿ ಹತ್ತಿರದ ಎರಡು ಸಾಲು ಒಂದೇ ಪದದಿಂದ ಮುಗಿದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನದು ಬಿಟ್ಟುಹೋಗುತ್ತೆ, ಇದಕ್ಕೆ ‘ಐ ಸ್ಕಿಪ್’ ಅನ್ನುತ್ತಾರೆ.

ಕೊನೆಗೊಂದು, ನಾಮಪದದ್ದು. ಪತ್ರಿಕೆ, ಜಾಹೀರಾತು ಕಚೇರಿಗಳಲ್ಲಿ ‘ಕಾಪಿ’ ಅಂದರೆ ಅಚ್ಚಿಗೆ ಹೋಗುವ ಬರಹ, ನಕಲಲ್ಲ. ಆ ಅರ್ಥದಲ್ಲಿ ಅದಕ್ಕೆ ಬಹುವಚನ ಇಲ್ಲ, ಹಿಂದೆ ‘ಎ’ ಕೂಡ ಬರುವುದಿಲ್ಲ: ‘ಶಿ ರೈಟ್ಸ್ ಗುಡ್ ಕಾಪಿ’. ಕಾಪಿ ರೈಟರ್ ಜಾಹೀರಾತಿನ ಬರಹಗಾರ. ಕಾಪಿರೈಟ್‌ನಲ್ಲಿರುವ ‘ರೈಟ್’ ಮಾತ್ರ ಹಕ್ಕು, ಕಾಗುಣಿತ ಬೇರೆ. ನಮ್ಮ ಕಾಯ್ದೆ 1957ರದ್ದು. ಅದು ಕ್ರಿಯಾಪದವಾದಾಗ ಭೂತಕಾಲ ‘ಕಾಪಿರೈಟೆಡ್’, ಬರೆ ಎಂಬುದರಂತೆ ‘ರೋಟ್’, ‘ರಿಟನ್’ ಆಗುವುದಿಲ್ಲ.

ತುಂಗಾತೀರ

‘ಟೇಕ್ ಎ ಕಾಪಿ’ ಬಗ್ಗೆ ಗಣಕಮಿತ್ರ ಅವರ ಮಾತು ಒಪ್ಪಿದೆ. ಪದಪಂಕ್ತಿಯವರೇ, ಮಕ್ಕಳಿಗೆ ಕೊಡುವುದಾದರೆ ಈ ನಾಲ್ಕನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ‘ಕಾಪಿ’ ಪದ ಬಳಸದೆ ಕನ್ನಡದಲ್ಲಿ ಅರ್ಥ ಬರೆಯಲು ಹೇಳಿ: ‘ಐ ಕಾಪಿಡ್ ಹರ್’, ‘ಐ ಕಾಪಿಡ್ ಫ್ರಮ್ ಹರ್’, ‘ಐ ಕಾಪಿಡ್ ಹರ್ ಇನ್’, ‘ಐ ಕಾಪಿಡ್ ಹರ್ ಅಡ್ರೆಸ್ ಡೌನ್’. ಕೊನೆಯದರಲ್ಲಿ ‘ಡೌನ್’ ಅನ್ನು ‘ಕಾಪಿಡ್’ ಪಕ್ಕಕ್ಕೆ ತಂದು ‘ಕಾಪಿಡ್ ಡೌನ್ ಹರ್ ಅಡ್ರೆಸ್’ ಅಂದರೂ ಸರಿ. ಆದರೆ ವಿಳಾಸದ ಜಾಗಕ್ಕೆ ‘ಇಟ್’ ಬಂದರೆ ಅದು ನಡುವೆಯೇ ಇರಬೇಕು, ‘ಕಾಪಿಡ್ ಇಟ್ ಡೌನ್’. ‘ಕಾಪಿಡ್ ಡೌನ್ ಇಟ್’ ಆಗದು.